ಯೆರಿಕೋವಿನ ಮಣ್ಣು, ನರಸಾಪುರದ ಪರದೆ

ಕೋಲಾರ ತಾಲ್ಲೂಕಿನ ನರಸಾಪುರವನ್ನು ಹೊರಗಿನವರು ಈಗ ಗುರುತಿಸುವುದು ಅದರ ಕೈಗಾರಿಕಾ ಪ್ರದೇಶದಿಂದ. 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಶುರುವಾಯಿತು. ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆಯೂ ಬಂತು. ಪಾಳಿ ಬದಲಾಗುವ ಹೊತ್ತಿಗೆ ಹೆದ್ದಾರಿಯ ಬದಿ ಬಸ್ಸುಗಳು ಸಾಲುಗಟ್ಟುತ್ತವೆ. ಇಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬಳು ಅಂಥ ಬಸ್ಸಿನವಳು: ಡಿಗ್ರಿ ಮುಗಿಸಿ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿರುವ, ಮೆಥೊಡಿಸ್ಟ್ ಸಭೆಯ ಮನೆಯ ಯುವತಿ. ಇನ್ನೊಬ್ಬರು ನಿವೃತ್ತ ಇತಿಹಾಸ ಮೇಷ್ಟ್ರು, ಜಿಲ್ಲೆಯ ವೀರಗಲ್ಲು, ಶಾಸನಗಳ ಬೆನ್ನು ಹತ್ತಿದವರು. ಹಳೆಯದರ ಮೇಲಿನ ಪ್ರೀತಿ ಇಬ್ಬರಿಗೂ ಒಂದೇ. ಅದನ್ನು ಎಲ್ಲಿ ಕೂತು ಕಲಿಯಬೇಕು ಎಂಬಲ್ಲಿ ಇಬ್ಬರಿಗೂ ಹೊಂದುವುದಿಲ್ಲ.

ಮೇಷ್ಟ್ರು: ಎಂ.ಎ. ಓದ್ತೀನಿ ಅಂದ್ರೆ ಸಂತೋಷಾನೇ ಅಮ್ಮ. ಆದ್ರೆ ಸತ್ಯವೇದದ ಕಾಲದ ಚರಿತ್ರೆ, ಹೀಬ್ರೂ, ಗ್ರೀಕ್, ಉತ್ಖನನ, ಇಷ್ಟನ್ನೂ ಲ್ಯಾಪ್‌ಟಾಪ್ ಮುಂದೆ ಕೂತು ಕಲೀತೀನಿ ಅಂತೀಯಲ್ಲ, ಅದು ನನ್ನ ಗಂಟಲಲ್ಲಿ ಇಳೀತಿಲ್ಲ.

ಯುವತಿ: ರೆಕಾರ್ಡ್ ಮಾಡಿಟ್ಟ ಪಾಠ ಅಲ್ಲ ಸಾರ್, ಲೈವ್. ಅಲ್ಲಿ ಪ್ರೊಫೆಸರ್ ಮಾತಾಡೋ ಹೊತ್ತಿಗೇ ನಾನೂ ಕೂತಿರ್ತೀನಿ. ಹೀಬ್ರೂ ವಾಕ್ಯ ಓದು ಅಂತಾರೆ, ಓದ್ಬೇಕು. ಕ್ರಿಯಾಪದ ಬಿಡಿಸು ಅಂತಾರೆ, ಬಿಡಿಸ್ಬೇಕು. ತಪ್ಪಿದ್ರೆ ಎಲ್ಲರ ಎದುರಿಗೇ ತಿದ್ದುತಾರೆ. 1957ರಲ್ಲಿ ಶುರುವಾಗಿ ಈಗ ಯೆರೂಸಲೇಮಿನ ಚೀಯೋನ್ ಬೆಟ್ಟದ ಮೇಲಿರೋ ಜೆರುಸಲೆಮ್ ಯೂನಿವರ್ಸಿಟಿ ಕಾಲೇಜಿನಂಥ ಕಡೆಯಿಂದಲೂ ಈಗ ಹೀಗೆ ಪಾಠ ಬರ್ತಿದೆ. ಅಲ್ಲಿ ಸಂಜೆ 5 ಗಂಟೆ ಅಂದ್ರೆ ಬೇಸಿಗೇಲಿ ನಮಗೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಬೆಳಗಿನ ಪಾಳಿ ಮುಗಿಸಿ ಬಂದು ಕೂರಬಹುದು.

ಮೇಷ್ಟ್ರು: ಅಮೆರಿಕದ್ದಾದ್ರೆ?

ಯುವತಿ: ನ್ಯೂಯಾರ್ಕಿನ ಸಂಜೆ 7ರ ತರಗತಿ ನಮಗೆ ಬೆಳಗಿನ ಜಾವ ನಾಲ್ಕೂವರೆಗೋ ಐದೂವರೆಗೋ ಬರುತ್ತೆ. ಅದು ಕಷ್ಟ. ಅವರ ಫೀಸೂ ಕಷ್ಟವೇ, ಒಂದೊಂದು ಕ್ರೆಡಿಟ್‌ಗೆ ನೂರಾರು ಡಾಲರ್. ಒಂದೊಂದೇ ವಿಷಯ ತಗೊಂಡು ನಿಧಾನವಾಗಿ ಮುಗಿಸೋ ಯೋಚನೆ ಇದೆ.

ಮೇಷ್ಟ್ರು: ಇಲ್ಲಿಂದ ಬೆಂಗಳೂರು ಎಷ್ಟು ದೂರ? ಮಿಲ್ಲರ್ಸ್ ರಸ್ತೇಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರಿಂದ ಇದೆ. ಹೀಬ್ರೂ, ಗ್ರೀಕ್ ಎರಡೂ ಅಲ್ಲೇ ಕಲಿಸ್ತಾರೆ. ದೂರಶಿಕ್ಷಣವೇ ಬೇಕು ಅಂದ್ರೆ ಸೆರಾಂಪುರದ ಸೆನೆಟ್‌ನವರ ಬಿ.ಸಿ.ಎಸ್. ಇದೆ. 1818ರಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಕಟ್ಟಿದ ಕಾಲೇಜು, 1827ರಲ್ಲಿ ಡೆನ್ಮಾರ್ಕ್ ರಾಜನ ಸನ್ನದು ಪಡೆದದ್ದು. ಮನೆಬಾಗಿಲಲ್ಲಿ ಇರೋದನ್ನ ಬಿಟ್ಟು ಸಮುದ್ರದಾಚೆಗೆ ಯಾಕೆ ಕೈಚಾಚ್ತೀಯ?

ಯುವತಿ: ಬೆಂಗಳೂರಿನ ಆ ಕಾಲೇಜಿನ ಮೇಲೆ ನಂಗೆ ತುಂಬಾ ಗೌರವ ಇದೆ. ಆದ್ರೆ ಅಲ್ಲಿ ಓದೋರು ಹೆಚ್ಚಿನವರು ಸಭಾಪಾಲಕರಾಗೋಕೆ ಹೋಗಿ ಹಾಸ್ಟೆಲಲ್ಲಿದ್ದು ಓದೋರು. ನಾನು ಕೆಲಸ ಬಿಟ್ರೆ ಮನೆ ನಡೆಯಲ್ಲ. ಮತ್ತೆ ನನಗೆ ಬೇಕಿರೋದು ಉಪದೇಶದ ತರಬೇತಿ ಅಲ್ಲ, ಆ ನೆಲದ ಚರಿತ್ರೆ. ಯಾವ ಊರು ಎಲ್ಲಿತ್ತು, ಯಾವ ಪದರದಲ್ಲಿ ಏನು ಸಿಕ್ಕಿತು, ಯಾವ ಪ್ರತಿ ಯಾವಾಗ ಬರೆದದ್ದು, ಅದು.

ಮೇಷ್ಟ್ರು: ಹಾಗಾದ್ರೆ ನೇರವಾಗಿ ಕೇಳ್ತೀನಿ. ಕೋಲಾರಮ್ಮನ ಗುಡಿ ಗೋಡೆ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ಆವನಿಯಲ್ಲಿ ಹತ್ತನೇ ಶತಮಾನದ ತ್ರಿಭುವನಕರ್ತ ಅನ್ನೋ ತಪಸ್ವಿಯ ಶಾಸನ ಇದೆ. ನಲವತ್ತು ವರ್ಷ ಆ ಸ್ಥಾನವನ್ನ ಆಳಿ ಐವತ್ತು ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದ ಅಂತ. ಗಂಗರ ಮೊದಲ ರಾಜಧಾನಿ ಕುವಳಾಲ ಇದೇ ನಮ್ಮ ಕೋಲಾರ. ಇವನ್ನೆಲ್ಲ ಓದೋ ಹುಡುಗರು ನಂಗೆ ಸಿಕ್ತಿಲ್ಲ. ನಿನ್ನಂಥ ಚುರುಕು ಹುಡುಗಿ ದಾವೀದನ ಊರು ಹುಡುಕ್ಕೊಂಡು ಹೋದ್ರೆ ನಂಗೆ ಸಂಕಟ ಆಗಲ್ವಾ?

ಯುವತಿ: ಆಗುತ್ತೆ, ಗೊತ್ತು. ಆದ್ರೆ ಸಾರ್, ಆ ಕಥೆಗಳು ನಂಗೆ ಹೊರಗಿನವಲ್ಲ. ನಮ್ಮಜ್ಜಿ ಓದು ಕಲಿತಿದ್ದೇ ಸತ್ಯವೇದ ಓದೋಕೆ. ನನ್ನ ಬಾಯಿಗೆ ಬಂದ ಮೊದಲ ಊರುಗಳ ಹೆಸರಲ್ಲಿ ಕೋಲಾರ, ಬಂಗಾರಪೇಟೆ ಜೊತೆ ಯೆರಿಕೋ, ಬೇತ್ಲೆಹೇಮೂ ಇದ್ದವು. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಮತ್ತೆ ಅವರ ಜೊತೆಯವರು 1831ರ ಹೊತ್ತಿಗೆ ಪೂರ್ತಿ ಸತ್ಯವೇದವನ್ನ ಕನ್ನಡಕ್ಕೆ ತಂದ್ರು. ಆವತ್ತಿಂದ ಈ ಊರುಗಳೆಲ್ಲ ಕನ್ನಡದಲ್ಲೇ ಇವೆ. ಅವುಗಳ ಚರಿತ್ರೆ ಮಾತ್ರ ಇನ್ನೂ ಕನ್ನಡಕ್ಕೆ ಸರಿಯಾಗಿ ಬಂದಿಲ್ಲ.

ಮೇಷ್ಟ್ರು: ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಆದ್ರೂ ಒಂದು ಸೇರಿಸ್ತೀನಿ. ಕನ್ನಡ ಸತ್ಯವೇದವನ್ನ ಆಮೇಲೆ ಪರಿಷ್ಕರಿಸಿದವರಲ್ಲಿ ಬೆಂಗಳೂರಿನ ಬೆಂಜಮಿನ್ ರೈಸ್ ಒಬ್ಬರು. ಅವರ ಮಗನೇ ಬಿ.ಎಲ್. ರೈಸ್, ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳ ರೈಸ್. ನಮ್ಮ ಕೋಲಾರ ಜಿಲ್ಲೆಯ ಶಾಸನಗಳದ್ದು ಹತ್ತನೇ ಸಂಪುಟ, 1905ರಲ್ಲಿ ಬಂತು. ಒಂದೇ ಮನೇಲಿ ಅಪ್ಪ ಸತ್ಯವೇದದ ಮಾತು ತಿದ್ದಿದ, ಮಗ ಈ ನೆಲದ ಕಲ್ಲು ಓದಿದ. ನೀನು ಆ ಮಗನ ದಾರಿ ಹಿಡೀಬೇಕು ಅಂತ ನನ್ನಾಸೆ.

ಯುವತಿ: ಆ ಮಗನ ವಿಷಯಾನೇ ಹಿಡಿದು ಕೇಳ್ತೀನಿ. ರೈಸ್ ಪ್ರತಿ ಕಲ್ಲಿನ ಮುಂದೆ ತಾನೇ ಕೂತು ಓದಿದ್ರಾ?

ಮೇಷ್ಟ್ರು: ಇಲ್ಲ. ಒಟ್ಟು ಒಂಬತ್ತು ಸಾವಿರದ ಹತ್ರ ಹತ್ರ ಶಾಸನಗಳು. ಸಹಾಯಕರು ಊರೂರು ಸುತ್ತಿ ಪ್ರತಿ ಮಾಡ್ಕೊಂಡು ಬರೋರು. ಒದ್ದೆ ಕಾಗದ ಕಲ್ಲಿನ ಮೇಲೆ ಹಾಕಿ, ಬ್ರಷ್ಷಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯೋದು ಶಾಸನ ಇಲಾಖೆಗಳ ಪದ್ಧತಿ. ಆ ಅಚ್ಚನ್ನ ಮೇಜಿನ ಮೇಲೆ ಹರಡ್ಕೊಂಡು ಓದ್ತಾರೆ.

ಯುವತಿ: ಅಂದ್ರೆ ಕಲ್ಲು ಆವನಿಯಲ್ಲಿ, ಓದೋರು ಬೆಂಗಳೂರಲ್ಲಿ. ನಡುವೆ ಒಂದು ಕಾಗದ. ನನ್ನದು ಪರದೆ. ದೂರದಿಂದ ಓದೋದು ತಪ್ಪಾದ್ರೆ ನಿಮ್ಮ ಹತ್ತನೇ ಸಂಪುಟದಲ್ಲೂ ಅರ್ಧ ಬಿಡ್ಬೇಕಾಗುತ್ತೆ.

ಮೇಷ್ಟ್ರು: ನಿಲ್ಲು. ಅಚ್ಚು ತೆಗೆದವನು ಕಲ್ಲು ಮುಟ್ಟಿರ್ತಾನೆ. ಅಚ್ಚಲ್ಲಿ ಬಿರುಕು ಗೆರೆ ಥರ ಕಾಣುತ್ತೆ, ಗೆರೆ ಬಿರುಕಿನ ಥರ ಕಾಣುತ್ತೆ. ಅನುಮಾನ ಬಂದ್ರೆ ಮತ್ತೆ ಕಲ್ಲಿನ ಹತ್ರ ಹೋಗ್ಬೇಕು. ಹಾಗೆ ಹೋಗಿ ನೋಡಿ ತಿದ್ದಿದ ಪಾಠಗಳು ಎಷ್ಟೋ ಇವೆ. ನೀನು ಯಾವ ಕಲ್ಲಿನ ಹತ್ರ ವಾಪಸ್ ಹೋಗ್ತೀಯ?

ಇಲ್ಲಿ ಯುವತಿ ತುಸು ಹೊತ್ತು ಸುಮ್ಮನಾದಳು. ಮೇಷ್ಟ್ರು ಎತ್ತಿದ್ದು ದೊಡ್ಡ ಪ್ರಶ್ನೆಯೇ. ದೂರದಿಂದ ಕಲಿಸುವ ಯಾವ ವಿದ್ಯಾಲಯವೂ ಅದಕ್ಕೆ ಪೂರ್ತಿ ಉತ್ತರ ಕೊಟ್ಟಿಲ್ಲ.

ಯುವತಿ: ಕೆಲವು ಕಡೆ ಹತ್ರ ಹೋದ್ರೂ ಪ್ರಯೋಜನ ಇಲ್ಲ ಸಾರ್. ಇಸ್ರೇಲಿನ ಎನ್‌ಗೆದಿಯಲ್ಲಿ 1970ರಲ್ಲಿ ಸುಟ್ಟು ಕರಕಲಾದ ಒಂದು ಸುರುಳಿ ಸಿಕ್ಕಿತ್ತು. ಮುಟ್ಟಿದ್ರೆ ಪುಡಿ. ನಲವತ್ತೈದು ವರ್ಷ ಹಾಗೇ ಇಟ್ಟಿದ್ರು. ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ತಂಡದವರು ಅದರ ಎಕ್ಸ್-ರೇ ಸ್ಕ್ಯಾನ್ ತಗೊಂಡು ಕಂಪ್ಯೂಟರಲ್ಲೇ ಬಿಚ್ಚಿದ್ರು. ನೋಡಿದ್ರೆ ಯಾಜಕಕಾಂಡದ ಮೊದಲ ಅಧ್ಯಾಯಗಳು. ಆ ಅಕ್ಷರಗಳನ್ನ ಜಗತ್ತಿನಲ್ಲಿ ಯಾರೇ ಓದಿದ್ರೂ ಪರದೆ ಮೇಲೇ ಓದ್ಬೇಕು, ಯೆರೂಸಲೇಮಲ್ಲಿರೋನೂ ನರಸಾಪುರದಲ್ಲಿರೋಳೂ. ಮೃತಸಮುದ್ರದ ಸುರುಳಿಗಳದ್ದೂ ಹಾಗೇ. 2012ರಿಂದ ಅವುಗಳ ಚಿತ್ರಗಳನ್ನ ಇಂಟರ್‌ನೆಟ್ಟಲ್ಲಿ ಎಲ್ಲರಿಗೂ ಬಿಟ್ಟಿದಾರೆ. ಕಣ್ಣಿಗೆ ಕರಿ ತೊಗಲು ಅಷ್ಟೇ ಕಾಣೋ ಕಡೆ ಅವಕೆಂಪು ಬೆಳಕಲ್ಲಿ ತೆಗೆದ ಚಿತ್ರದಲ್ಲಿ ಅಕ್ಷರ ಕಾಣುತ್ತೆ.

ಮೇಷ್ಟ್ರು: ಆ ಸುರುಳಿಗಳಿಂದ ಗೊತ್ತಾದದ್ದೇನು? ಅದನ್ನ ಹೇಳು.

ಯುವತಿ: 1947ರ ಸುಮಾರಿಗೆ ಕುಮ್ರಾನಿನ ಗುಹೆಗಳಲ್ಲಿ ಕುರುಬರಿಗೆ ಸಿಕ್ಕವು. ಪೂರ್ತಿಯಾಗಿ ಉಳಿದಿರೋ ಹೀಬ್ರೂ ಸತ್ಯವೇದದ ಪ್ರತಿಗಳಲ್ಲಿ ಹಳೇದು ಅಂದ್ರೆ ಲೆನಿನ್‌ಗ್ರಾಡ್ ಪ್ರತಿ, ಕ್ರಿ.ಶ. 1008ರದು. ಕುಮ್ರಾನಿನ ಯೆಶಾಯನ ಸುರುಳಿ ಅದಕ್ಕಿಂತ ಸಾವಿರ ವರ್ಷಕ್ಕೂ ಹಳೇದು. ಸಾವಿರ ವರ್ಷ ಕೈಯಲ್ಲಿ ನಕಲು ಮಾಡಿದ್ರೂ ಮೂಲ ಬಹುಪಾಲು ಉಳ್ಕೊಂಡಿದೆ. ಅಲ್ಲಲ್ಲಿ ಬೇರೆಯೂ ಆಗಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದೋ ಆಸೆ ನಂಗೆ. ಅದಕ್ಕೆ ಹೀಬ್ರೂ ಬೇಕೇ ಬೇಕು.

ಮೇಷ್ಟ್ರು: ಭಾಷೆ ಅಂದ್ರೆ ಜನರ ಮಧ್ಯೆ ಬದುಕಿ ಕಲಿಯೋದು. ಕಿಟೆಲ್ 1853ರಲ್ಲಿ ಬಂದೋರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಾಲ್ಕು ದಶಕ! ಜರ್ಮನಿಯಲ್ಲೇ ಕೂತು ಕಾಗದ ಬರ್ಕೊಂಡಿದ್ದಿದ್ರೆ ಆ ನಿಘಂಟು ಆಗ್ತಿತ್ತಾ?

ಯುವತಿ: ಆಗ್ತಿರಲಿಲ್ಲ. ಆದ್ರೆ ಯೆಶಾಯನ ಹೀಬ್ರೂ ಆಡೋ ಹಳ್ಳಿ ಈಗ ಎಲ್ಲಿದೆ? ಈಗಿನ ಇಸ್ರೇಲಿನವರ ಹೀಬ್ರೂ ಬೇರೆ. ಹೊಸ ಒಡಂಬಡಿಕೆಯ ಗ್ರೀಕ್ ಆಡೋ ಪೇಟೆಯೂ ಇಲ್ಲ. ಆ ಭಾಷೆಗಳು ಇರೋದು ಪುಟದ ಮೇಲೆ ಮಾತ್ರ. ಪುಟಕ್ಕೆ ಕೋಲಾರವೂ ಒಂದೇ ಆಕ್ಸ್‌ಫರ್ಡೂ ಒಂದೇ.

ಮೇಷ್ಟ್ರು: ಅದು ಸರಿ.

ಯುವತಿ: ಇನ್ನೊಂದು ಹೇಳ್ತೀನಿ. ನಾವು ಮನೇಲಿ ತೆಲುಗು, ಶಾಲೇಲಿ ಕನ್ನಡ, ಕಾರ್ಖಾನೇಲಿ ಹಿಂದಿ ಆಡ್ತೀವಿ. ಚರ್ಚಲ್ಲಿ ಕನ್ನಡ ಕೀರ್ತನೆ, ಕೆಜಿಎಫ್‌ನ ಅತ್ತೆ ಮನೆಗೆ ಹೋದ್ರೆ ತಮಿಳು. ಯೇಸುವಿನ ಕಾಲದ ಗಲಿಲಾಯದಲ್ಲೂ ಮನೇಲಿ ಅರಮಾಯಿಕ್, ಸಭಾಮಂದಿರದಲ್ಲಿ ಹೀಬ್ರೂ, ಪೇಟೇಲಿ, ದೊರೆಗಳ ಹತ್ರ ಗ್ರೀಕ್. ಒಂದೇ ಭಾಷೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಇದನ್ನ ಪಾಠ ಮಾಡಿ ಹೇಳ್ಬೇಕು. ನಂಗೆ ಹೇಳೋದೇ ಬೇಡ. ಯಾವ ಮಾತು ಯಾವ ಭಾಷೆಯಲ್ಲಿ ಬಾಯಿಗೆ ಬರುತ್ತೆ, ಯಾರ ಮುಂದೆ ಬದಲಾಗುತ್ತೆ, ಅದು ಕೋಲಾರದೋರಿಗೆ ರಕ್ತದಲ್ಲೇ ಇದೆ.

ಮೇಷ್ಟ್ರು: ಇದು ನಂಗೆ ಹೊಳೆದಿರಲಿಲ್ಲ. ಹಾಗಾದ್ರೆ ನಿನಗೆ ಮಂಜೇಶ್ವರದ ಗೋವಿಂದ ಪೈಗಳ ವಿಷಯ ಹೇಳ್ಬೇಕು. ಕಾಸರಗೋಡಿನ ಕಡೇಲಿ ಮನೆ ತುಂಬ ಪುಸ್ತಕ ಇಟ್ಕೊಂಡು ಎಷ್ಟೋ ಭಾಷೆ ಕಲಿತೋರು. ಕ್ರಿಸ್ತನ ಕೊನೇ ದಿನದ ಮೇಲೆ ‘ಗೊಲ್ಗೊಥಾ’ ಬರೆದೋರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನ ಇದೆ, ಅದರಲ್ಲಿ ಪರದೇಶದ ರಾಜ, ಅವನ ಜನ ಆಡೋ ಅರ್ಥವಾಗದ ಮಾತುಗಳು. ಅದು ಕನ್ನಡ ಅಂತ 1904ರಲ್ಲಿ ಹುಲ್ಟ್ಸ್ ಅನ್ನೋ ಪಂಡಿತರು ಹೇಳಿದ್ರು. ಬಾರ್ನೆಟ್ ಅನ್ನೋ ಇನ್ನೊಬ್ಬರು ಒಪ್ಪಲಿಲ್ಲ. ಪೈಗಳೂ ಅದರ ಮೇಲೆ ಕೆಲಸ ಮಾಡಿದ್ರು. ಮಂಜೇಶ್ವರದಲ್ಲಿ ಕೂತೇ.

ಯುವತಿ: ನೀವು ನನ್ನ ಪಕ್ಷಕ್ಕೆ ಸಾಕ್ಷಿ ಹೇಳ್ತಿದೀರ ಸಾರ್.

ಮೇಷ್ಟ್ರು: ಭಾಷೆ ಮಟ್ಟಿಗೆ ಹೇಳ್ತಿದೀನಿ. ಮಣ್ಣಿನ ಮಟ್ಟಿಗೆ ಇಲ್ಲ. ಉತ್ಖನನ ಬೇರೆ ವಿದ್ಯೆ. ಮಡಕೆ ಚೂರನ್ನ ಕೈಲಿ ಹಿಡಿದು ತೂಕ ನೋಡ್ಬೇಕು, ಅಂಚು ಸವರಬೇಕು, ಮುರಿದ ಕಡೆ ಒಳಗಿನ ಬಣ್ಣ ನೋಡ್ಬೇಕು. 1890ರಲ್ಲಿ ಪ್ಯಾಲೆಸ್ತೀನಿನ ಟೆಲ್ ಎಲ್-ಹೆಸಿಯಲ್ಲಿ ಪೆಟ್ರಿ ಪದರದಿಂದ ಪದರಕ್ಕೆ ಮಡಕೆ ಹೇಗೆ ಬದಲಾಗುತ್ತೆ ನೋಡ್ಕೊಂಡೇ ಆ ನಾಡಿನ ಕಾಲ ಕಟ್ಟಿದ್ದು. ಅದನ್ನ ಪರದೇಲಿ ಹೇಗೆ ಕಲಿಸ್ತಾರೆ?

ಯುವತಿ: ಅಂಚಿನ ಅಡ್ಡಕೊಯ್ತದ ರೇಖಾಚಿತ್ರ ಹಾಕಿ, ಕಾಲ ಗುರುತಿಸಿ ಅಂತಾರೆ. ಕೈಗೆ ಸಿಗಲ್ಲ, ಒಪ್ತೀನಿ. ಇದೊಂದು ಕಡೆ ನನ್ನ ಹತ್ರ ವಾದ ಇಲ್ಲ. ಆದ್ರೆ ವಾದ ಇಲ್ಲ ಅಂತ ಪೂರ್ತಿ ಬಿಡೋದಾ? ಯೆರಿಕೋವಿನ ಕಥೆ ತಗೊಳ್ಳಿ.

ಮೇಷ್ಟ್ರು: ನಾನೇ ತಗೋಬೇಕು ಅಂತಿದ್ದೆ. ಅದು ನಿನ್ನ ನಂಬಿಕೆಗೆ ಪೆಟ್ಟು ಕೊಡೋ ಕಥೆ.

ಯುವತಿ: ಹೇಳಿ.

ಮೇಷ್ಟ್ರು: ಯೆಹೋಶುವನ ಜನ ಕೊಂಬೂದಿ ಆರ್ಭಟಿಸಿದಾಗ ಬಿದ್ದ ಗೋಡೆ ಸಿಕ್ಕಿತು ಅಂತ 1930ರ ದಶಕದಲ್ಲಿ ಗಾರ್‌ಸ್ಟಾಂಗ್ ಹೇಳಿದ್ರು. ಕ್ರಿ.ಪೂ. 1400ರ ಸುಮಾರಿನದು ಅಂದ್ರು. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅಲ್ಲಿ ಮತ್ತೆ ಅಗೆದ್ರು. ಆ ಗೋಡೆ ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೇದು ಅಂತ ಆಯ್ತು. ಯೆಹೋಶುವನ ಕಾಲ ಅಂತ ಹೇಳೋ ಹೊತ್ತಿಗೆ ಅಲ್ಲಿ ಕೋಟೆ ಕಟ್ಟಿದ ಪಟ್ಟಣದ ಗುರುತೇ ಇಲ್ಲ. ಈಗ ನಿನಗೊಂದು ವಿಷಯ ಹೇಳ್ತೀನಿ, ಇದು ನಿನ್ನ ಪ್ರೊಫೆಸರ್ ಹೇಳ್ತಾರೋ ಇಲ್ವೋ. ಕೆನ್ಯನ್‌ಗೆ ಆ ಥರ ಪದರ ಪದರವಾಗಿ, ಚೌಕ ಹಾಕಿ, ನಡುವೆ ಗೋಡೆ ಉಳಿಸ್ಕೊಂಡು ಅಗೆಯೋದನ್ನ ಕಲಿಸಿದ್ದು ಮಾರ್ಟಿಮರ್ ವ್ಹೀಲರ್, ಇಂಗ್ಲೆಂಡಿನ ವೆರುಲೇಮಿಯಮ್‌ನಲ್ಲಿ. ಅದೇ ವ್ಹೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿ ಅಗೆದು ದಕ್ಷಿಣ ಭಾರತದ ಕಾಲಾನುಕ್ರಮಕ್ಕೆ ತಳಪಾಯ ಹಾಕಿದ್ರು. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ 1892ರಲ್ಲಿ ಕಂಡುಹಿಡಿದದ್ದು ಯಾರು? ಅದೇ ರೈಸ್. ಯೆರಿಕೋ ಅಗೆದ ಕ್ರಮಾನೇ ನೋಡ್ಬೇಕು ಅಂದ್ರೆ ಹಿರಿಯೂರು ದಾಟಿ ಒಂದು ಹಗಲು ಹೋದ್ರೆ ಸಾಕು.

ಯುವತಿ: ಬ್ರಹ್ಮಗಿರಿಯಲ್ಲೂ ಯೆರಿಕೋವಿನಲ್ಲೂ ಒಂದೇ ಪಾಠ! ಇದು ನಂಗೆ ಗೊತ್ತಿರಲಿಲ್ಲ ಸಾರ್.

ಮೇಷ್ಟ್ರು: ನಂಬಿಕೆ ಪ್ರಶ್ನೆಗೆ ಉತ್ತರ ಕೊಡ್ಲಿಲ್ಲ.

ಯುವತಿ: ಕೊಡ್ತೀನಿ. ಕೆನ್ಯನ್ ಪಾದ್ರಿಗಳ ಶತ್ರು ಅಲ್ಲ, ಸಭೆಗೆ ಹೋಗ್ತಿದ್ದೋರು. ಗೋಡೆಯ ಕಾಲ ಏನಿತ್ತೋ ಅದನ್ನ ಹೇಳಿದ್ರು. ನಂಗೆ ಅದು ಭಯ ಹುಟ್ಟಿಸಲ್ಲ. ಆ ಕಥೆಯನ್ನ ಯಾರು, ಯಾವ ಕಾಲದಲ್ಲಿ, ಯಾಕೆ ಬರೆದಿಟ್ರು ಅನ್ನೋ ಪ್ರಶ್ನೆ ಹುಟ್ಟಿಸುತ್ತೆ. ದಾವೀದ ಬರೀ ಕಥೆ ಅಂತಿದ್ದೋರೂ ಇದ್ರು. 1993ರಲ್ಲಿ ಟೆಲ್ ದಾನ್‌ನಲ್ಲಿ ಸಿಕ್ಕ ಅರಮಾಯಿಕ್ ಕಲ್ಲಲ್ಲಿ ದಾವೀದನ ಮನೆತನದ ಹೆಸರು ಬಂತು. ಒಂದು ಕಡೆ ಕಳ್ಕೊಂಡ್ರೆ ಇನ್ನೊಂದು ಕಡೆ ಸಿಗುತ್ತೆ. ನಮ್ಮ ಸಭೇಲಿ ಕೆಲವರಿಗೆ ಈ ಓದು ಇಷ್ಟ ಇಲ್ಲ, ಸುಳ್ಳು ಹೇಳಲ್ಲ. ಆದ್ರೆ ನಾಳೆ ಸಂಡೇಸ್ಕೂಲ್ ಮಕ್ಕಳು ಫೋನಲ್ಲಿ ಏನೋ ವಿಡಿಯೊ ನೋಡಿ ಬಂದು ಕೇಳಿದಾಗ ಗೊತ್ತಿರೋರು ಒಬ್ಬರಾದ್ರೂ ಇರ್ಬೇಕಲ್ವಾ?

ಮೇಷ್ಟ್ರು: ವಿಡಿಯೊಗಳದ್ದೇ ಕಷ್ಟ. ಸತ್ಯವೇದದಲ್ಲಿ ಬರೋ ಓಫೀರಿನ ಚಿನ್ನ ನಮ್ಮ ಕೋಲಾರದ್ದು ಅಂತ ಒಬ್ಬರು ನಂಗೆ ಬಹಳ ಉತ್ಸಾಹದಿಂದ ಹೇಳಿದ್ರು.

ಯುವತಿ: ನಂಗೂ ಹೇಳಿದಾರೆ. ಹಾಗಾಗಿದ್ರೆ ನನಗಿಂತ ಖುಷಿ ಪಡೋರು ಯಾರು? ನಮ್ಮ ಮಾವ ಚಾಂಪಿಯನ್ ರೀಫ್‌ನಲ್ಲಿ ಇಳಿದೋರು, 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚೋವರೆಗೂ. ಟೆಲ್ ಕಾಸಿಲೆಯಲ್ಲಿ ಸಿಕ್ಕ ಒಂದು ಮಡಕೆ ಚೂರಿನ ಮೇಲೆ ಬರೆದಿದೆ: ಓಫೀರಿನ ಚಿನ್ನ, ಬೇತ್‌ಹೋರೋನಿಗೆ, 30 ಶೆಕೆಲ್. ಕ್ರಿ.ಪೂ. ಎಂಟನೇ ಶತಮಾನದ್ದು. ಇವತ್ತಿನ ಲೆಕ್ಕದಲ್ಲಿ ಸುಮಾರು 340 ಗ್ರಾಂ. ಅಂದ್ರೆ ಓಫೀರಿನ ಚಿನ್ನ ಅನ್ನೋದು ನಿಜವಾದ ಸರಕು. ಆದ್ರೆ ಓಫೀರ್ ಎಲ್ಲಿ? ಅರೇಬಿಯಾ ಅಂತಾರೆ, ಆಫ್ರಿಕಾ ಅಂತಾರೆ, ಭಾರತ ಅಂತಾರೆ. ಇನ್ನೂ ತೀರ್ಮಾನ ಆಗಿಲ್ಲ. ಆಗೋವರೆಗೆ ಕೋಲಾರ ಅಂತ ಹೇಳೋ ಹಕ್ಕು ನಂಗಿಲ್ಲ. ಈ ಎಚ್ಚರ ಕಲಿಯೋಕೇ ಸಾರ್ ಓದು ಬೇಕಿರೋದು.

ಮೇಷ್ಟ್ರು: ಭೇಷ್. ಆದ್ರೂ ಪರದೆ ಮೇಲೆ ಮೋಸ ಗುರುತಿಸೋದು ಹೇಗೆ? ವಾಷಿಂಗ್ಟನ್ನಿನ ಮ್ಯೂಸಿಯಂ ಆಫ್ ದ ಬೈಬಲ್‌ನಲ್ಲಿದ್ದ ಮೃತಸಮುದ್ರದ ಸುರುಳಿ ತುಂಡುಗಳು ಹದಿನಾರಕ್ಕೆ ಹದಿನಾರೂ ನಕಲಿ ಅಂತ 2020ರಲ್ಲಿ ಗೊತ್ತಾಯ್ತು. ಪಂಡಿತರಲ್ಲಿ ಕೆಲವರು ಮೊದಲು ಒಪ್ಕೊಂಡಿದ್ರು.

ಯುವತಿ: ಹಳೇ ತೊಗಲಿನ ಬಿರುಕೊಳಕ್ಕೆ ಹೊಸ ಮಸಿ ಇಳಿದಿತ್ತು, ಅದು ಸೂಕ್ಷ್ಮದರ್ಶಕದಲ್ಲಿ ಕಂಡಿತು. ನಾನು ದಿನಾ ಮಾಡೋ ಕೆಲಸ ಅದೇ ಥರದ್ದು. ಬಿಡಿಭಾಗ ಲೆನ್ಸ್ ಕೆಳಗಿಟ್ಟು ಗೀರು ಹುಡುಕೋದು. ನೀವು ಹೇಳೋದು ನಿಜ, ಫೋಟೋ ಸಾಕಾಗಲ್ಲ. ಅದಕ್ಕೇ ಒಂದು ಬೇಸಿಗೆ ಅಲ್ಲಿಗೆ ಹೋಗಿ ಅಗೆಯೋ ಆಸೆ. ಗಾಜಾದ ಯುದ್ಧ ಅದನ್ನೂ ಕಷ್ಟ ಮಾಡಿತು.

ಮೇಷ್ಟ್ರು: ಯುದ್ಧದ ಮಾತು ಬಂತು. ಅಲ್ಲಿ ಹಳೇ ಊರಿನ ಮೇಲೆ ಈಗ ಬದುಕಿರೋ ಜನರ ವಿಷಯ ನಿನ್ನ ಪಠ್ಯದಲ್ಲಿ ಇರುತ್ತಾ? ಯಾರ ಮನೆ ಕೆಳಗೆ ಯಾರ ಚರಿತ್ರೆ ಹುಡುಕ್ತಾರೆ ಅನ್ನೋದು ಸಣ್ಣ ವಿಷಯ ಅಲ್ಲ. ಒಂದು ಪದರ ಬೇಕು ಅಂತ ಮೇಲಿನ ನಾಲ್ಕು ಪದರ ಅವಸರದಲ್ಲಿ ತೆಗೆದ ಕಾಲ ಎಲ್ಲ ದೇಶದಲ್ಲೂ ಇತ್ತು.

ಯುವತಿ: ಕೆಲವು ಕೋರ್ಸಲ್ಲಿ ಇರುತ್ತೆ, ಕೆಲವುದರಲ್ಲಿ ಇರಲ್ಲ. ಇಲ್ಲದ ಕಡೆ ನಾನು ಕೇಳ್ಬೇಕು. ಲೈವ್ ತರಗತಿಯ ಬೆಲೆ ಅದೇ, ಕೇಳಬಹುದು. ಗಾಜಾದ ಟೆಲ್ ಉಮ್ ಆಮರ್‌ನಲ್ಲಿ ನಾಲ್ಕನೇ ಶತಮಾನದ ಸಂತ ಹಿಲಾರಿಯನ್ನನ ಮಠ ಇದೆ. 2024ರಲ್ಲಿ ಅದನ್ನ ವಿಶ್ವ ಪರಂಪರೆ ಪಟ್ಟಿಗೂ ಅಪಾಯದಲ್ಲಿರೋ ತಾಣಗಳ ಪಟ್ಟಿಗೂ ಒಟ್ಟಿಗೇ ಸೇರಿಸಿದ್ರು. ನಮ್ಮ ಕ್ರೈಸ್ತ ಚರಿತ್ರೆಯ ಭಾಗ ಅದು, ಕಾಯ್ಕೊಂಡು ಬಂದೋರು ಅಲ್ಲಿನ ಪ್ಯಾಲೆಸ್ತೀನಿಯರು. ಇದನ್ನ ಮಾತಾಡದ ತರಗತಿ ನಂಗೆ ಬೇಡ.

ಮೇಷ್ಟ್ರು: ಸರಿ, ಮೊದಲು ಏನು ತಗೋತೀಯ? ನನ್ನ ಮಾತು ಕೇಳೋದಾದ್ರೆ ಹೀಬ್ರೂ ತಗೋ. ಉತ್ಖನನಶಾಸ್ತ್ರ ಬಿಡು. ಗುಂಡಿಗೆ ಇಳಿಯೋವರೆಗೂ ಬಿಡು.

ಯುವತಿ: ಎರಡೂ ತಗೋತೀನಿ. ಗುಂಡಿಗೆ ಇಳಿದ ದಿನ ಏನು ನೋಡ್ತಿದೀನಿ ಅಂತ ಗೊತ್ತಿರ್ಬೇಕಲ್ವಾ?

ಮೇಷ್ಟ್ರು: ಗುಂಡಿಗೆ ಇಳಿಯದೇ ಓದಿದ್ದು ತಲೇಲಿ ತಪ್ಪು ಚಿತ್ರವಾಗಿ ಕೂತ್ಕೊಳ್ಳುತ್ತೆ. ಆಮೇಲೆ ಅದನ್ನ ಕೀಳೋದು ಕಷ್ಟ. ನಾನು ಒಪ್ಪಲ್ಲ.

ಯುವತಿ: ಒಪ್ಪಬೇಡಿ. ಭಾನುವಾರ ಕೋಲಾರಮ್ಮನ ಗುಡಿ ಹತ್ರ ಬರ್ತೀನಿ, ಆ ಗೋಡೆ ಮೇಲಿನ ಶಾಸನ ಓದೋದು ಹೇಗೆ ಅಂತ ತೋರಿಸಿ.

ಮೇಷ್ಟ್ರು: ಬೆಳಗ್ಗೇನೇ ಬಾ. ಬಿಸಿಲು ಓರೆ ಬಿದ್ದಾಗಲೇ ಸವೆದ ಅಕ್ಷರ ಕಾಣೋದು.

ಯುವತಿ: ಬೆಳಗ್ಗೆ ಆರಾಧನೆ ಇದೆ ಸಾರ್. ಸಂಜೆ ಬಿಸಿಲೂ ಓರೆಯೇ ಅಲ್ವಾ?

ಮೇಷ್ಟ್ರು: ಅದು ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನೋದರ ಮೇಲೆ. ಬಂದು ನೋಡು.